ಬಲಗಾಲಿನ ಅಂಜಿಕೆ

ಯಾರ ಮನೆಗೆ ಹೋಗಿ ಕುಳಿತರೂ ಮೃಣಾಲಿನಿಯ ಬಲಗಾಲು ಅಲ್ಲಿಯ ನೆಲವನ್ನು ಪರೀಕ್ಷಿಸುತ್ತಿತ್ತು. ಕಾಲು ಕುಣಿಸುವ ಚಟ ಅದಲ್ಲ. ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ನಿರಿಗೆ ಸರಿಮಾಡಿಕೊಂಡು, ಕುರ್ಚಿಯ ಅಂಚಿಗೆ ಕುಳಿತವಳು ಕುಶಲದ ಒಂದೆರಡು ಮಾತು ಮುಗಿಯುವುದರೊಳಗೆ ಬಲಪಾದದ ಮುಂಭಾಗವನ್ನು ಫರಸಿಯ ಮೇಲೆ ಮೆಲ್ಲಗೆ ಊರಿ, ಒತ್ತಿ, ಒತ್ತಿದಲ್ಲೇ ಹಿಡಿದಿರುತ್ತಿದ್ದಳು. ಮುಖದಲ್ಲಿ ಎದುರಿನವರ ಮಾತು ಕೇಳುವ ಸೌಜನ್ಯ, ಕಾಲಿನಲ್ಲಿ ಮಾತ್ರ ಬೇರೆಯೇ ಒಂದು ಧ್ಯಾನ. ಸವದತ್ತಿಯ ಕಲ್ಲು ನೆಲ ಕಾಲಡಿಯಲ್ಲಿ ಕುಸಿಯುವುದಿಲ್ಲವೆಂದು ಆಕೆಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಕಾಯುತ್ತಿದ್ದಳು. ಕಾದು, ಕುಸಿಯಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಚಹಾದ ಬಟ್ಟಲಿಗೆ ಕೈಚಾಚುತ್ತಿದ್ದಳು. "ವೈನೀ, ಕಾಲು ನೋಯ್ತದೇನು?" ಎಂದು ಯಾರಾದರೂ ಕೇಳಿದರೆ "ಇಲ್ಲ, ಇಲ್ಲ, ಸುಮ್ನ" ಎಂದು ನಕ್ಕು ಪಾದವನ್ನು ಸೀರೆಯಂಚಿನೊಳಗೆ ಎಳೆದುಕೊಳ್ಳುವಳು. ಅಂಚಿನ ಮರೆಯಲ್ಲಿ ಅದು ಮತ್ತೆ ಒತ್ತುತ್ತಲೇ ಇರುತ್ತಿತ್ತು.

ನೋಡಲಿಕ್ಕೆ ಸಣ್ಣ ಆಳು. ನಡೆಯುವಾಗ ಒಂದು ಭುಜವನ್ನು ಮುಂದು ಮಾಡಿ, ಇಕ್ಕಟ್ಟಾದ ಬಾಗಿಲಿನಿಂದ ಹೊರಬೀಳುವವರ ಹಾಗೆ ಓರೆಯಾಗಿ ನಡೆಯುತ್ತಿದ್ದಳು. ಹತ್ತು ಹೆಜ್ಜೆ ಹೋಗಿ ಒಮ್ಮೆ ಹಿಂದಿರುಗಿ ನೋಡುವುದು ಆ ನಡಿಗೆಯದೇ ಭಾಗವಾಗಿತ್ತು. ಮನೆಯಿಂದ ಹೊರಟು ಓಣಿಯ ತಿರುವಿನವರೆಗೆ ಬಂದವಳು "ಒಂದ್ಸಲ ನೋಡೇ ಬರ್ತೇನಿ" ಎಂದು ಹಿಂದಕ್ಕೆ ಹೋಗದ ದಿನವಿಲ್ಲ. ಗ್ಯಾಸಿನ ಗುಬ್ಬಿ ಒಂದ್ಸಲ, ಹಿತ್ತಲ ಚಿಲಕ ಒಂದ್ಸಲ, ಬಚ್ಚಲ ಹೀಟರು ಒಂದ್ಸಲ. ಹಾಲು ಮುಚ್ಚಿದೆಯೋ, ಬಾವಿಯ ಮೇಲೆ ಜಾಳಿಗೆ ಎಳೆದಿದೆಯೋ, ಧಾರವಾಡದ ಹಾಸ್ಟೆಲಿನಲ್ಲಿರುವ ಮಗಳು ಬಸ್ಸು ಹತ್ತಿದಳೋ ಇಳಿದಳೋ. ಗಂಡ ನೀಲಕಂಠರಾಯರು ನೀರಾವರಿ ಇಲಾಖೆಯವರು, ಹಾಸ್ಯಪ್ರಿಯರು. ಬಂದ ನೆಂಟರಿಗೆಲ್ಲ ಹೆಂಡತಿಯನ್ನು "ಇಕೀ ನಮ್ಮನಿ ಅಂಜುಬುರುಕಿ, ಸರಕಾರ ಇದಕ್ಕೊಂದು ಪೋಸ್ಟ್ ತಗದ್ರ ಇಕೀನ ಹೆಡ್ ಆಗ್ತಾಳ" ಎಂದು ಪರಿಚಯಿಸುತ್ತಿದ್ದರು. ನೆಂಟರು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು, ನಗುತ್ತಲೇ ನೆಂಟರ ಮಗುವಿನ ಕೈಗೆ ಎಟುಕುವಂತಿದ್ದ ಬಿಸಿ ಬಟ್ಟಲನ್ನು ಆಚೆ ಸರಿಸುತ್ತಿದ್ದಳು.

ಆ ಅಂಜಿಕೆ ಆಕೆ ತವರಿನಿಂದ ತಂದದ್ದೇನಲ್ಲ. ರಾಮದುರ್ಗದ ತವರುಮನೆಯಲ್ಲಿ ಆಕೆ ಮಲಪ್ರಭೆ ತುಂಬಿ ಹರಿಯುವಾಗ ದಂಡೆಯ ಕಲ್ಲಿಂದ ಕಲ್ಲಿಗೆ ಜಿಗಿಯುತ್ತಿದ್ದ ಹುಡುಗಿ. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಅಂಜುವ ಕೆಲಸ ಅತ್ತೆ ಯಮುನಾಬಾಯಿಯವರದಾಗಿತ್ತು. ರಾತ್ರಿ ಎರಡೆರಡು ಸಲ ಎದ್ದು ಒಲೆಯ ಬೂದಿ ಕೆದಕಿ ಕಿಡಿ ಉಳಿದಿದೆಯೇ ಎಂದು ನೋಡುತ್ತಿದ್ದವರು ಅವರು. ಸೊಸೆ ಬಂದು ವರ್ಷವಾಗುವುದರೊಳಗೆ ಭಾಂಡೆ, ಬಟ್ಟೆ, ಬೀಗದ ಕೈಗಳ ಜೊತೆಗೆ ಅದನ್ನೂ ಕೊಟ್ಟುಬಿಟ್ಟರು. ಕೊಟ್ಟದ್ದೂ ಗೊತ್ತಾಗಲಿಲ್ಲ, ತಗೊಂಡದ್ದೂ ಗೊತ್ತಾಗಲಿಲ್ಲ. ಆಮೇಲೆ ಯಮುನಾಬಾಯಿ ತಲೆದಿಂಬಿಗೆ ತಲೆ ಕೊಟ್ಟರೆ ಬೆಳಗಿನವರೆಗೆ ಮಗ್ಗುಲು ಬದಲಿಸದೆ ಮಲಗುವುದನ್ನು ಕಲಿತರು. "ನಮ್ಮ ಸೊಸಿ ಬಂದಮ್ಯಾಲೆ ನನಗ ಭಾಳ ನಿಶ್ಚಿಂತಿ" ಎಂದು ಓಣಿಯಲ್ಲಿ ಹೇಳಿಕೊಂಡು ಬರುತ್ತಿದ್ದರು. ಅದು ಹೊಗಳಿಕೆಯೇ ಆಗಿತ್ತು.

ಎರಡು ಸಾವಿರದ ಐದರ ಸುಮಾರಿಗೆ ನೀಲಕಂಠರಾಯರು ಬೆಳಗಾವಿಯಿಂದ ಒಂದು ಬ್ಯಾಟರಿ ಕಾರು ತಂದರು. ಊರು ಬಿಡುತ್ತಿದ್ದ ಡಾಕ್ಟರೊಬ್ಬರು ಮಾರಿದ್ದು. ಮುಂದೆ ಇಬ್ಬರು ಕೂಡಬಹುದು, ಹಿಂದೆ ಮಕ್ಕಳನ್ನು ತುರುಕಬಹುದು, ಅಷ್ಟೇ. ಪೆಟ್ರೋಲು ಬೇಡ, ಹೊಗೆ ಇಲ್ಲ, ಗೇರಿಲ್ಲ, ಸದ್ದಿಲ್ಲ. ಬಂದ ದಿನ ಕೋಟೆಯ ಹಿಂದಿನ ಓಣಿಯೆಲ್ಲ ನೆರೆಯಿತು. "ಸಾಹೇಬ್ರ, ಇದನ್ನ ರಾತ್ರಿ ಕಪಾಟಿನ್ಯಾಗ ಇಡ್ತೀರೇನ್ರಿ?" ಎಂದು ಯಾರೋ ಕೇಳಿದರು. ಆ ನಗೆ ರಾಯರಿಗೆ ಚುಚ್ಚಿತು. ಎರಡು ವಾರ ಆಫೀಸಿಗೆ ಒಯ್ದರು, ಮೂರನೆಯ ವಾರ ಮತ್ತೆ ಸ್ಕೂಟರ್ ಹತ್ತಿದರು. ಗೇರಿಲ್ಲದ ಗಾಡಿ ಹೊಡೆಯುವುದು ಗಂಡಸಿನ ಕೆಲಸವೇ ಅಲ್ಲವೆಂದು ಅವರಿಗೆ ತೋರಿತು. ಅದೂ ಅಲ್ಲದೆ ಕಾರಿಗೆ ಕರೆಂಟು ತಿನ್ನಿಸುವ ದಪ್ಪ ಪ್ಲಗ್ಗು ಸೇರುವ ಪಾಯಿಂಟು ಮನೆಯಲ್ಲಿ ಇದ್ದದ್ದು ಅಡುಗೆಮನೆಯೊಂದರಲ್ಲೇ. ಕಿಟಕಿಯ ಸರಳಿನ ನಡುವೆ ವಾಯರು ಎಳೆದರು. ಎಳೆದ ಗಳಿಗೆಯಿಂದಲೇ ಕಾರು ಮಿಕ್ಸರು, ಗ್ರೈಂಡರುಗಳ ಸಾಲಿಗೆ ಸೇರಿ ಮೃಣಾಲಿನಿಯದಾಯಿತು. ಕರೆಂಟು ಬಂದಾಗ ಹಚ್ಚುವುದು, ಹೋದಾಗ ತೆಗೆಯುವುದು, ಸೀಟಿನಡಿಯ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ನೀರು ಹನಿಸುವುದು. ಆ್ಯಸಿಡ್ ಸಿಡಿದು ಸೀರೆ ತೂತಾದಾಗ ಆಕೆ ಗಂಡನ ಹಳೆಯ ಖಾಕಿ ಕೋಟನ್ನು ಹುಡುಕಿ ತೊಟ್ಟಳು. ತೋಳು ಎರಡು ಮಡಿಕೆ ಮಡಿಸಿದ, ಎದೆಯ ಮೇಲೆ ಚುಕ್ಕಿ ಚುಕ್ಕಿ ಸುಟ್ಟ ಆ ಕೋಟು ಆಮೇಲೆ ಆಕೆಯ ಗುರುತೇ ಆಯಿತು. ಕಾರು ಹೊಡೆಯುವುದನ್ನೂ ಆ ಕೋಟಿನಲ್ಲೇ ಕಲಿತಳು, ಹೈಸ್ಕೂಲಿನ ಮೈದಾನದಲ್ಲಿ. ಹಾಲು ಕಾಯಿಸುವವಳಿಗೆ ಉರಿಯ ಮೇಲೆ ಇರುವ ಹದವೇ ಆಕೆಗೆ ಪೆಡಲಿನ ಮೇಲೆ ಬಂತು. ಮೆಲ್ಲಗೆ ಹೊರಡುವಳು, ದೂರದಿಂದಲೇ ಮೆಲ್ಲಗೆ ಒತ್ತಿ ಮೆಲ್ಲಗೆ ನಿಲ್ಲುವಳು. ಬ್ರೇಕನ್ನು ಆಕೆ ಎಂದೂ ಒದ್ದವಳಲ್ಲ.

ಪ್ರತಿ ಶುಕ್ರವಾರ ಯಮುನಾಬಾಯಿಯವರನ್ನು ಯಲ್ಲಮ್ಮನ ಗುಡ್ಡಕ್ಕೆ ಕರೆದೊಯ್ಯುವುದು ಕಾರು ಬಂದ ಮೇಲೆ ಹುಟ್ಟಿದ ವ್ರತ. ಮನೆದೇವರು ಎಂದಿನಿಂದಲೂ ಯಲ್ಲಮ್ಮನೇ. ಆದರೆ ಬಸ್ಸಿನ ಕಾಲದಲ್ಲಿ ವರ್ಷಕ್ಕೊಮ್ಮೆ ತೃಪ್ತಳಾಗುತ್ತಿದ್ದ ದೇವಿ ಕಾರು ಬಂದ ಮೇಲೆ ವಾರಕ್ಕೊಮ್ಮೆ ಕರೆಯತೊಡಗಿದಳು. ಶುಕ್ರವಾರ ಎಂದರೆ ಮೃಣಾಲಿನಿ ಐದಕ್ಕೆ ಎದ್ದು ಅಡುಗೆ ಮುಗಿಸಿ, ಡಬ್ಬಿ ಕಟ್ಟಿ, ಬ್ಯಾಟರಿ ನೋಡಿ, ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂಡಿಸಿ ಗುಡ್ಡ ಹತ್ತುವ ದಿನ.

ಅಂಥದೊಂದು ಶುಕ್ರವಾರ ಗುಡ್ಡ ಇಳಿದು ಬಸ್‌ಸ್ಟ್ಯಾಂಡಿನ ಹತ್ತಿರ ಎತ್ತಿನ ಗಾಡಿಯೊಂದು ಅಡ್ಡ ದಾಟಲೆಂದು ಆಕೆ ನಿಂತಿದ್ದಳು. ಕಾಲು ಪೆಡಲಿನ ಮೇಲಿತ್ತು. ಒತ್ತಿದಲ್ಲೇ ಇತ್ತು. ಆ ಒತ್ತಿದ ಕಾಲಿನಡಿಯಲ್ಲಿ ಪೆಡಲು ತನ್ನಷ್ಟಕ್ಕೆ ಕೆಳಗಿಳಿಯತೊಡಗಿತು. ಮಳೆ ಬಿದ್ದ ಎರೆಹೊಲದಲ್ಲಿ ಊರಿದ ಪಾದ ಹೇಗೆ ಸದ್ದಿಲ್ಲದೆ ಹೂತುಹೋಗುವುದೋ ಹಾಗೆ. ಕಾರು ಒಂದು ಗೇಣು ಮುಂದಕ್ಕೆ ತೆವಳಿತು. ಕಾಲೆತ್ತಿ ಮತ್ತೊಮ್ಮೆ ಒತ್ತಿದಳು. ಪೆಡಲು ಗಟ್ಟಿಯಾಗಿ ನಿಂತಿತು, ಏನೂ ಆಗಿಯೇ ಇಲ್ಲವೆಂಬಂತೆ.

ಮನೆಗೆ ಬಂದು ಗಂಡನಿಗೆ ಹೇಳಿದಳು. ರಾಯರು ಪಂಚೆ ಎತ್ತಿಕಟ್ಟಿ ಕುಳಿತು, ಓಣಿಯಲ್ಲಿ ವೇಗವಾಗಿ ಓಡಿಸಿ, ಧಡ್ಡೆಂದು ಬ್ರೇಕ್ ಒದ್ದರು. ಕಾರು ಕಚಕ್ಕನೆ ನಿಂತಿತು. ಮತ್ತೆ ಒದ್ದರು, ಮತ್ತೆ ನಿಂತಿತು. ಕೆಳಗಿಳಿದು ಗಾಲಿಗಳ ಹಿಂದೆ ಬಗ್ಗಿ ನೋಡಿದರು. ಒಂದು ಹನಿ ಎಣ್ಣೆ ಸೋರಿರಲಿಲ್ಲ. ಬಾನೆಟ್ಟಿನಡಿಯ ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಗೆರೆಯವರೆಗೂ ತುಂಬಿತ್ತು.

"ಏನಾಗೇದ ಇದಕ್ಕ? ಕಲ್ಲಿನಂಗ ನಿಂತದ."

"ಒದ್ರ ನಿಲ್ತದ್ರೀ. ಒತ್ತಿ ಹಿಡದ್ರ ಕೆಳಗ ಹೋಗ್ತದ."

"ಬ್ರೇಕಂದ್ರ ಒದೀಲಿಕ್ಕೇ ಇರೋದು, ಕಾಲು ಒತ್ತಲಿಕ್ಕಲ್ಲ. ನಿನ್ನ ಕಾಲಾಗ ಜೀವ ಇಲ್ಲ, ಅದಕ್ಕ ಗಾಡಿ ಏನು ಮಾಡೀತು?"

ಆದರೂ ಆಕೆ ಧಾರವಾಡ ರಸ್ತೆಯ ಲಗಮಣ್ಣನ ಗ್ಯಾರೇಜಿಗೆ ಒಯ್ದಳು. ಲಗಮಣ್ಣ ಟ್ರ್ಯಾಕ್ಸು, ಟೆಂಪೋಗಳ ಬ್ರೇಕಿಗೆ ಹೆಸರಾದವನು, ದಪ್ಪ ಮೀಸೆಯ ಧೈರ್ಯವಂತ. ಈ ಕಾರಿನ ಮುಂದೆ ಮಾತ್ರ ಮೂರು ಮಾರು ದೂರ ನಿಂತು ಮಾತಾಡಿದ. "ಬಾಯಾರ, ಇದ್ರಾಗ ಎಲ್ಲಿ ಮುಟ್ಟಿದ್ರ ಕರೆಂಟ್ ಹೊಡಿಯೂದಿಲ್ಲ, ಅಷ್ಟ ಮೊದಲ ತೋರಸ್ರಿ." ಕೊನೆಗೆ ಒಂದು ಗೋಣಿತಟ್ಟು ಹಾಸಿಕೊಂಡು ಸೀಟಿಗೆ ಕುಳಿತು ಅವನೂ ಒದ್ದ. ಟೆಂಪೋ ನಿಲ್ಲಿಸುವ ಕಾಲು ಅದು. ಕಾರು ಮೂಗು ನೆಲಕ್ಕೆ ತಾಗುವಂತೆ ನಿಂತಿತು. "ಏ, ಬ್ರೇಕ್ ನಂಬರ್ ಒನ್ ಐತ್ರಿ. ಸಾಹೇಬ್ರು ಹೇಳ್ಯಾರ, ನೀವು ಸ್ವಲ್ಪ ಅಂಜೂದು ಜಾಸ್ತಿ ಅಂತ."

ಆಮೇಲಿನ ದಿನಗಳೇ ಹೆಚ್ಚು ಭಯಂಕರವಾದವು. ಪೆಡಲು ಎಲ್ಲ ಸಲ ಇಳಿಯುತ್ತಿರಲಿಲ್ಲ. ಹಾಲಿಗೆ ಹೋದಾಗ ಗಟ್ಟಿ, ಸಂತೆಗೆ ಹೋದಾಗ ಗಟ್ಟಿ. ಒಮ್ಮೆ ಮಾತ್ರ, ಅಂಚೆಕಚೇರಿಯ ಮುಂದೆ, ಅರ್ಧದವರೆಗೆ ಇಳಿದು ನಿಂತಿತು. ಇಳಿಯಿತೇ, ಇಳಿದಂತೆ ಅನಿಸಿತೇ? ಗ್ಯಾಸಿನ ಗುಬ್ಬಿಯನ್ನು ನೋಡಲು ಹಿಂದಿರುಗಿದಾಗ ಅದು ಯಾವಾಗಲೂ ಬಂದ್ ಆಗಿಯೇ ಇರುತ್ತಿತ್ತಲ್ಲವೇ? ಹಿತ್ತಲ ಚಿಲಕ ಎಂದಾದರೂ ತೆರೆದದ್ದು ಸಿಕ್ಕಿದೆಯೇ? ಇಷ್ಟು ವರ್ಷ ಇಲ್ಲದ್ದಕ್ಕೆ ಅಂಜಿದ ಮನಸ್ಸು ಇದನ್ನೂ ಇಲ್ಲದ್ದರಿಂದಲೇ ಹುಟ್ಟಿಸಿರಬಹುದು. ಆಕೆ ರೊಟ್ಟಿ ಬಡಿಯುವಾಗ ಕೂಡ ಬಲಗಾಲನ್ನು ಅನುಮಾನದಿಂದ ನೋಡಿಕೊಳ್ಳುವಳು. ತನ್ನ ದೇಹದ ಒಂದು ಅಂಗ ಸಾಕ್ಷಿ ಹೇಳುತ್ತಿದೆ, ಮನೆಯವರೆಲ್ಲ ಅದನ್ನು ಸುಳ್ಳೆನ್ನುತ್ತಿದ್ದಾರೆ. ತಾನು ಯಾರ ಕಡೆ ನಿಲ್ಲಬೇಕು ಎಂಬುದು ಆಕೆಗೇ ತಿಳಿಯದಾಯಿತು. ಬ್ರೇಕಿನ ಮೇಲಿನ ನಂಬಿಕೆ ಹೋದದ್ದು ಒಂದು ಭಯವಾದರೆ ಕಾಲಿನ ಮೇಲಿನ ನಂಬಿಕೆ ಹೋದದ್ದು ಅದಕ್ಕಿಂತ ದೊಡ್ಡ ಭಯ.

ಮುಂದಿನ ಶುಕ್ರವಾರ ಬಂತು. ಬರುವುದಿಲ್ಲ ಎಂದು ಹೇಳಲು ಆ ಮನೆಯಲ್ಲಿ ಆಕೆಗೆ ಬಾಯಿ ಬರಲಿಲ್ಲ. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಯಮುನಾಬಾಯಿ ಮಡಿಲಲ್ಲಿ ಭಂಡಾರವೆಂಬ ದೇವಿಯ ಅರಿಶಿನದ ಪೊಟ್ಟಣ ಇಟ್ಟುಕೊಂಡು, ಕೊಬ್ಬರಿ ಅಗಿಯುತ್ತ, ಗುಡಿಯಲ್ಲಿ ಭೆಟ್ಟಿಯಾದ ಬೈಲಹೊಂಗಲದವರ ಮಗಳ ಮದುವೆಯ ಮಾತು ತೆಗೆದಿದ್ದರು. ದೊಡ್ಡ ತಿರುವು ದಾಟಿದೊಡನೆ ಎದುರಿಗೆ ಬಸ್ಸು ಏರಿ ಬಂತು. ಬಸ್ಸಿಗೆ ದಾರಿ ಬಿಡಲು, ಮುಂದೆ ಗುಡ್ಡ ಇಳಿಯುತ್ತಿದ್ದ ಬರಿಗಾಲಿನ ಭಕ್ತರು ರಸ್ತೆಯ ಈಚೆಗೆ, ಕಾರಿನ ದಾರಿಗೆ, ಸರಿದರು. ಎಲ್ಲರ ಬೆನ್ನೂ ಈ ಕಡೆಗೆ. ಸದ್ದಿಲ್ಲದ ಗಾಡಿ ಹಿಂದೆ ಬರುತ್ತಿದೆಯೆಂದು ಯಾರಿಗೆ ಗೊತ್ತಾಗಬೇಕು? ಹಾರ್ನು ಬಸ್ಸಿನ ಗದ್ದಲದಲ್ಲಿ ಮುಳುಗಿತು. ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಕೂಸು ಹೊತ್ತ ಒಬ್ಬಳು ಎಲ್ಲರಿಗಿಂತ ಹಿಂದೆ ಇದ್ದಳು. ಕೂಸು ಮಾತ್ರ ತಾಯಿಯ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿತ್ತು. ಮೃಣಾಲಿನಿ ದೂರದಿಂದಲೇ, ಎಂದಿನಂತೆ, ಮೆಲ್ಲಗೆ ಒತ್ತಿದಳು. ಕಾರು ತುಸು ಹಿಡಿಯಿತು. ಆಮೇಲೆ ಕಾಲಿನಡಿಯಲ್ಲಿ ಪೆಡಲು ಕರಗಿತು. ಇಳಿದು, ಇಳಿದು, ತಳಕ್ಕೆ ಹೋಗಿ ಕುಳಿತಿತು. ಕೂಸಿನ ಕಣ್ಣಿನ ಕಾಡಿಗೆ ಕಾಣುವಷ್ಟು ಹತ್ತಿರ.

ಕಾಲು ಎತ್ತಿ ಮತ್ತೆ ಒತ್ತಬೇಕೆಂಬುದು ಹೊಳೆಯಲಿಲ್ಲ. ಎಡಗೈ ತಾನೇ ಹೋಗಿ ಹ್ಯಾಂಡ್‌ಬ್ರೇಕನ್ನು ಹಿಡಿದೆಳೆಯಿತು. ಅದರ ತಂತಿ ಬೇರೆ, ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಹಿಂದಿನ ಗಾಲಿಗಳು ಕಿರ್ರೆಂದವು. ಕಾರು ನಿಂತಾಗ ಮುಂದಿನ ಬಂಪರು ಆ ಹೆಂಗಸಿನ ಸೀರೆಯ ಅಂಚನ್ನು ಸವರುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಬಸ್ಸು ಹೋಯಿತು, ಜನ ಮತ್ತೆ ಆಚೆ ಸರಿದರು, ಅವಳೂ ನಡೆದಳು. ಕೂಸು ನಗುತ್ತ ಕೈ ಬೀಸಿತು.

"ಯಾಕ ನಿಂದ್ರಿಸ್ದೀ?" ಎಂದರು ಯಮುನಾಬಾಯಿ. "ನಡೀ, ಬಿಸಿಲಾಗ್ಲಿಕ್ಕೆ ಹತ್ತದ."

ಮೃಣಾಲಿನಿ ಅತ್ತೆಯ ಕಡೆ ತಿರುಗಿದಳು. ಏನು ಹೇಳುವುದು? ಏನಾಗಿದೆ ಎಂದು ಹೇಳುವುದು? ಏನೂ ಆಗಿರಲಿಲ್ಲ. ಯಾರೂ ಬಿದ್ದಿರಲಿಲ್ಲ, ಯಾರೂ ಕೂಗಿರಲಿಲ್ಲ, ಬುಟ್ಟಿಯ ಒಂದು ಕಾಯಿ ಕೂಡ ಉರುಳಿರಲಿಲ್ಲ. ಆದದ್ದಕ್ಕೆ ಸಾಕ್ಷಿಗಳು ಸಿಗುತ್ತಾರೆ, ಆಗದೆ ಉಳಿದದ್ದನ್ನು ಯಾರು ಕಂಡಿರುತ್ತಾರೆ? ಆಕೆ ಹ್ಯಾಂಡ್‌ಬ್ರೇಕನ್ನು ಅರ್ಧ ಎಳೆದೇ, ನಡೆಯುವವರಿಗಿಂತ ನಿಧಾನವಾಗಿ, ಮನೆ ಮುಟ್ಟಿದಳು.

ಕಾರಿನ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಊಟಕ್ಕೆ ಕುಳಿತ ಗಂಡನ ಮುಂದೆ ನಿಂತು, "ಇನ್ನ ನಾ ಆ ಗಾಡಿ ತಗಿಯೂದಿಲ್ಲ" ಎಂದಳು. ಆ ಮನೆಗೆ ಬಂದಾಗಿನಿಂದ ಯಾವುದಾದರೊಂದು ಕೆಲಸವನ್ನು ಮಾಡುವುದಿಲ್ಲ ಎಂದದ್ದು ಅದೇ ಮೊದಲು. ರಾಯರು ತುತ್ತು ನಿಲ್ಲಿಸಿ ಹೆಂಡತಿಯನ್ನು ನೋಡಿದರು. ನಕ್ಕರು. "ಬ್ಯಾಡ. ಬರೂ ಶುಕ್ರವಾರ ರಜಾ ಹಾಕಿ ನಾನಽ ಒಯ್ತೇನಿ ಅವ್ವನ್ನ. ಒಂದ ಸಲ ಗಂಡಸು ಹೊಡದ್ರ ಗಾಡಿಗೂ ಬುದ್ಧಿ ಬರ್ತದ."

ತನ್ನ ಭಯದಿಂದ ತಾನು ಪಾರಾದಳು, ಆದರೆ ಆ ಭಯ ಈಗ ಬೇರೆ ಇಬ್ಬರನ್ನು ಕೂಡಿಸಿಕೊಂಡು ಗುಡ್ಡ ಇಳಿಯಲು ಸಿದ್ಧವಾಗಿತ್ತು. ವಾರವಿಡೀ ಆಕೆಯ ಕಣ್ಣ ಮುಂದೆ ಆ ತಿರುವು. ರಾಯರು ಒದೆಯುತ್ತಾರೆ, ನಿಜ, ಒದ್ದರೆ ನಿಲ್ಲುತ್ತದೆ, ಅದೂ ನಿಜ. ಆದರೆ ಇಳಿಜಾರಿನುದ್ದಕ್ಕೂ ಯಾರೂ ಒದೆಯುತ್ತಲೇ ಇರುವುದಿಲ್ಲ. ಎಲ್ಲೋ ಒಂದು ಕಡೆ ಕಾಲಿಟ್ಟು ಸುಮ್ಮನೆ ಹಿಡಿದಿರುತ್ತಾರೆ. ಹಿಡಿದಲ್ಲಿ ಅದು ಕರಗುತ್ತದೆ. ಮುಂದೆ ಯಾರ ಬೆನ್ನಿರುತ್ತದೋ. ಈ ಸಲ ಎಡಗೈಗೆ ನೆನಪಾಗುತ್ತದೋ ಇಲ್ಲವೋ.

ಗುರುವಾರ ಮಧ್ಯಾಹ್ನ, ಭಾಂಡೆ ತೊಳೆದು ಮುಗಿಸಿದವಳ ಕಣ್ಣು ಹಿತ್ತಲ ಮೂಲೆಯ ರುಬ್ಬುಗುಂಡಿನ ಮೇಲೆ ಬಿತ್ತು. ಮಿಕ್ಸರು ಬಂದ ಮೇಲೆ ಕೆಲಸವಿಲ್ಲದೆ ಕೂತಿದ್ದ ಕರಿಕಲ್ಲಿನ ಗುಂಡು. ಎಷ್ಟೋ ವರ್ಷ ಆಕೆಯ ತೋಳು ಅದನ್ನು ತಿರುವಿತ್ತು, ಅದರ ಭಾರ ಆಕೆಗೆ ಗೊತ್ತಿತ್ತು. ಭಾರವಲ್ಲದೆ ಅದರಲ್ಲಿ ಬೇರೇನೂ ಇಲ್ಲವೆಂಬುದೂ ಗೊತ್ತಿತ್ತು. ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಕಾರಿನ ಬಳಿಗೆ ಒಯ್ದಳು. ಒಂದು ತುದಿಯನ್ನು ಬ್ರೇಕ್ ಪೆಡಲಿನ ಮೇಲೆ ಕೂಡಿಸಿ, ಇನ್ನೊಂದು ತುದಿಯನ್ನು ಸೀಟಿನ ಅಂಚಿಗೆ ಒರಗಿಸಿ, ಪಕ್ಕಕ್ಕೆ ಜಾರದಂತೆ ಹಳೆಯ ಸೀರೆಯ ಚೂರಿನಿಂದ ಸಡಿಲಾಗಿ ಕಟ್ಟಿದಳು. ಗುಂಡು ಸೀಟಿಗೆ ತಾಗುವಲ್ಲಿ ಪೊಟ್ಟಣದ ಭಂಡಾರ ತೆಗೆದು ಕಲ್ಲಿನ ಮೇಲೆ ಹಳದಿ ಗೆರೆ ಎಳೆದಳು. ಖಾಕಿ ಕೋಟು ತೊಟ್ಟು ಹೋಗಿ ಲಗಮಣ್ಣನ ಮುಂದೆ ನಿಂತಳು.

"ಲಗಮಣ್ಣ, ಬಂದು ಒಂದ್ಸಲ ನೋಡೇ ಬಿಡು. ಒದೀಬ್ಯಾಡ, ಮುಟ್ಟಬ್ಯಾಡ. ಸುಮ್ನ ಕೂತು ನೋಡು."

"ನೋಡೂದೇನ್ ಐತ್ರಿ ಬಾಯಾರ, ನಾ ಆವತ್ತ…"

"ನನ್ನ ಕಾಲಿಗೆ ಅಂಜಿಕಿ ಅದ. ಕಲ್ಲಿಗಿಲ್ಲ. ಬಾ."

ಅವನು ಬಂದು ಕಾರಿನ ತೆರೆದ ಬಾಗಿಲ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ. ತಂಬಾಕು ತಿಕ್ಕುತ್ತಿದ್ದವನ ಹೆಬ್ಬೆರಳು ನಿಂತಿತು. ಹಳದಿ ಗೆರೆ ಆಗಲೇ ಸೀಟಿನ ಅಂಚಿಗಿಂತ ಎರಡು ಬೆರಳು ಕೆಳಗಿತ್ತು. ಕುಳಿತು ನೋಡುತ್ತಿದ್ದಂತೆಯೇ, ಗಡಿಯಾರದ ಮುಳ್ಳು ಸರಿದದ್ದು ಹೇಗೆ ಕಾಣುವುದಿಲ್ಲವೋ ಹಾಗೆ, ಇನ್ನಷ್ಟು ಇಳಿಯಿತು. ಕಡೆಗೆ ಪೆಡಲು ತಳಕ್ಕೆ ತಾಗಿ ಟಕ್ ಎಂದಿತು. ಅಂಗಳದಲ್ಲಿ ಬೇರೆ ಸದ್ದಿರಲಿಲ್ಲ. ಲಗಮಣ್ಣ ಗಾಲಿಗಳ ಹಿಂದೆ ಇಣುಕಿದ, ಎಣ್ಣೆ ಸೋರಿಲ್ಲ. ಡಬ್ಬಿ ನೋಡಿದ, ತುಂಬಿದೆ. ಎದ್ದುನಿಂತು ಮೀಸೆಯ ಮೇಲಿನ ಬೆವರು ಒರೆಸಿಕೊಂಡ.

"ಮಾಸ್ಟರ್ ಸಿಲಿಂಡರ್ ಹೋಗೈತ್ರಿ. ಅದು ಪಿಚಕಾರಿ ಇದ್ದಂಗ. ಒಳಗ ರಬ್ಬರಿನ ವಾಷರ್ ಇರ್ತಾವು, ಅವು ಎಣ್ಣಿ ಮುಂದ ನೂಕಿ ಗಾಲಿ ಹಿಡಸಬೇಕು. ಜೋರಾಗಿ ಒದ್ರ ವಾಷರ್ ಹಿಗ್ಗಿ ಗ್ವಾಡಿಗಿ ಕಚ್ಚತೈತಿ, ಹಿಡಿತೈತಿ. ಸಾವಕಾಶ ಒತ್ತಿದ್ರ ಎಣ್ಣಿ ಬಾಜೂಲಿಂದ ನುಸುಳಿ ಹಿಂದ ಬರತೈತಿ. ಹೊರಗ ಒಂದ ಹನಿ ಬೀಳೂದಿಲ್ಲ." ಆಕೆಯ ಕಡೆ ತಿರುಗಿ ಕೇಳಿದ. "ಬಾಯಾರ, ಇದನ್ನ ತಗೊಂಡ ನೀವು ಗುಡ್ಡ ಇಳಿದ್ರೇನ್ರಿ?"

ಆಕೆ ಬಗ್ಗಿ ರುಬ್ಬುಗುಂಡಿನ ಕಟ್ಟು ಬಿಚ್ಚತೊಡಗಿದಳು. ತನ್ನ ಭಯ ನಿಜವಾಯಿತೆಂದು ಸಂತೋಷವಾಗಬೇಕಿತ್ತು. ಆಗಲಿಲ್ಲ. ಇದು ನಿಜವೆಂದರೆ ಆ ಕೂಸಿನ ಕಾಡಿಗೆಯೂ ನಿಜ. ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಕೆಗೆ ಆ ಗಳಿಗೆ ಅನ್ನಿಸಿತು.

ಸೀಟಿನಡಿಯ ದೊಡ್ಡ ಫ್ಯೂಜನ್ನು ಆಕೆಯೇ ಕಿತ್ತು ಕೋಟಿನ ಕಿಸೆಗೆ ಹಾಕಿಕೊಂಡ ಮೇಲೆ ಲಗಮಣ್ಣ ಕೈಹಚ್ಚಿದ. ಪೈಪು ಬಿಚ್ಚಿ, ಎರಡು ನಟ್ಟು ಸಡಿಲಿಸಿ, ಅಂಗೈಯುದ್ದದ ಸಿಲಿಂಡರನ್ನು ಹೊರತೆಗೆದು ಹಳೆಯ ತಾಟಿನಲ್ಲಿ ಇಟ್ಟ. ಒಳಗಿನ ವಾಷರುಗಳು ನೀರಲ್ಲಿ ನೆನೆದ ಹೆಸರುಬೇಳೆಯ ಹಾಗೆ ಉಬ್ಬಿ, ಅಂಚು ಮೆತ್ತಗಾಗಿ ಮಡಚಿದ್ದವು. ಅವನು ಬೆರಳಿಗೆ ಎಣ್ಣೆ ಹಚ್ಚಿ ಮೂಸಿದ, ಹುಬ್ಬು ಗಂಟಿಕ್ಕಿದ.

"ಇದಕ್ಕ ಎಂಜಿನ್ ಎಣ್ಣಿ ಯಾರ ಹಾಕ್ಯಾರ್ರಿ? ಎಂಜಿನ್ ಎಣ್ಣಿ ತಾಕಿದ್ರ ಈ ರಬ್ಬರ್ ಉಬ್ಬಿ ಸತ್ತ ಹೋಗತೈತಿ."

ಆ ಹೊತ್ತಿಗೆ ಆಫೀಸಿನಿಂದ ಬಂದ ರಾಯರು ಸ್ಕೂಟರಿನ ಸ್ಟ್ಯಾಂಡ್ ಹಾಕುತ್ತಿದ್ದರು. ಕಾರು ತಂದ ಹೊಸತರಲ್ಲಿ ಅವರನ್ನು ಒಂದು ಚಿಂತೆ ಕಾಡಿತ್ತು. ಎಣ್ಣೆ ಹಾಕದ ಗಾಡಿ ಅದೆಂಥ ಗಾಡಿ? ಸ್ಕೂಟರಿಗೆ ತಂದ ಡಬ್ಬಿಯಲ್ಲಿ ಎಣ್ಣೆ ಉಳಿದಿತ್ತು. ಕಾರಿಗೆ ಎಂಜಿನ್ನೇ ಇಲ್ಲ. ಒಂದು ಭಾನುವಾರ ಬಾನೆಟ್ ಎತ್ತಿ, ಎಲ್ಲಿ ಹಾಕುವುದೆಂದು ಹುಡುಕಿ ಹುಡುಕಿ, ಮುಚ್ಚಳ ಇದ್ದ ಒಂದೇ ಒಂದು ಬಿಳಿ ಡಬ್ಬಿ ಕಂಡು, ಅದರಲ್ಲಿ ಇಷ್ಟು ಸುರಿದು, ಒಂದು ಕರ್ತವ್ಯ ಮುಗಿಸಿದವರಂತೆ ಕೈ ಒರೆಸಿಕೊಂಡಿದ್ದರು. ಕೈ ಒರೆಸಿದ ಬಟ್ಟೆಯನ್ನು ಒಗೆದವಳು ಮೃಣಾಲಿನಿ. ಅಡುಗೆಮನೆಯ ಗೋಡೆಯ ಮಾಡದಲ್ಲಿ ಡಬ್ಬಿ ಬಿಟ್ಟ ಎಣ್ಣೆಯ ಉಂಗುರವನ್ನು ಸೋಪು ಹಚ್ಚಿ ತಿಕ್ಕಿದವಳೂ ಆಕೆಯೇ.

"ಆ ಡಾಕ್ಟರ್ ಹಾಕಿರಬೇಕು," ಎಂದರು ರಾಯರು. "ಮೊದಲಽ ಹೇಳಿದ್ದೆ, ಓದಿದವರ ಕಡೆ ಗಾಡಿ ತಗೋಬಾರದು ಅಂತ."

ಮೃಣಾಲಿನಿ ಗಂಡನ ಮುಖ ನೋಡಿದಳು. ಅವರು ಚಪ್ಪಲಿಯ ಬಾರು ಬಿಚ್ಚುವುದರಲ್ಲಿ ಬಹಳ ಹೊತ್ತು ಬಗ್ಗಿದ್ದರು. ಆಕೆ ಏನೂ ಹೇಳಲಿಲ್ಲ. ಅದು ಕ್ಷಮೆಯಲ್ಲ. ಎದುರಾಡಿ ಗೆದ್ದರೆ ಗುಡ್ಡದ ಮಾತು ಹಿಂದೆ ಬಿದ್ದು ಡಬ್ಬಿಯ ಮಾತು ಮುಂದೆ ಬರುತ್ತದೆ, ರಾತ್ರಿಯ ಊಟ ಮುನಿಸಿನಲ್ಲಿ ಮುಗಿಯುತ್ತದೆ, ಆ ಮುನಿಸನ್ನು ತೊಳೆಯುವ ಕೆಲಸವೂ ಕಡೆಗೆ ತನ್ನದೇ ಎಂದು ಆಕೆ ಬಲ್ಲಳು. "ನಾಳೆ ಗುಡ್ಡಕ್ಕ ಹೋಗೂದಿಲ್ಲಲ್ಲ?" ಎಂದಷ್ಟೇ ಕೇಳಿದಳು.

"ಹೆಂಗ ಹೋಗೋದು? ಬ್ರೇಕಽ ಇಲ್ಲಲ್ಲ," ಎಂದರು ರಾಯರು, ಆ ಸುದ್ದಿಯನ್ನು ತಾವೇ ತಂದವರ ಹಾಗೆ.

ಹೊಸ ಸಿಲಿಂಡರು ಬೆಂಗಳೂರಿನಿಂದ ಪಾರ್ಸೆಲ್ಲಿನಲ್ಲಿ ಬರುವುದಕ್ಕೆ ಎರಡು ಶುಕ್ರವಾರ ಕಳೆದವು. ಯಮುನಾಬಾಯಿ ಹಾಸಿಗೆಯಲ್ಲೇ ಕುಳಿತು ಗುಡ್ಡದ ದಿಕ್ಕಿಗೆ ಕೈಮುಗಿದು, "ಒಂದ ವಾಷರಿಗೆ ದೇವರು ತಪ್ಪಿಹೋದಳಲ್ಲೋ" ಎಂದು ನಿಟ್ಟುಸಿರಿಟ್ಟರು. ಪಾರ್ಸೆಲ್ ಬಂದ ದಿನ ಲಗಮಣ್ಣ ಸಿಲಿಂಡರು ಕೂಡಿಸಿ, ಎಂಜಿನ್ ಎಣ್ಣೆ ಮುಟ್ಟಿದ ರಬ್ಬರ್ ಒಂದನ್ನೂ ಬಿಡದೆ, ನಾಲ್ಕೂ ಗಾಲಿಯವನ್ನು ಬದಲಿಸಿ, ಪೈಪುಗಳನ್ನೆಲ್ಲ ತೊಳೆದು ಹೊಸ ಬ್ರೇಕ್ ಆಯಿಲ್ ತುಂಬಿದ. ಇನ್ನು ಒಳಗಿನ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬ ಗಾಲಿಯ ಬಳಿ ನೆಲಕ್ಕೆ ಮಲಗಿ ತಿರುಪು ಬಿಚ್ಚುವವನು, ಇನ್ನೊಬ್ಬ ಪೆಡಲು ಒತ್ತುವವನು. ರಾಯರು ಕುಳಿತು ನಾಲ್ಕು ಸಲ ಒದ್ದರು. ಎಣ್ಣೆ ಚಿಮ್ಮಿ ಲಗಮಣ್ಣನ ಮುಖಕ್ಕೆ ಬಿತ್ತು. "ಸಾಹೇಬ್ರ, ನೀವು ಇಳೀರಿ," ಎಂದ ಅವನು, ಕಣ್ಣು ಒರೆಸಿಕೊಳ್ಳುತ್ತ. "ಇದಕ್ಕ ಬಾಯಾರ ಕಾಲಽ ಬೇಕು."

ಆ ಮಧ್ಯಾಹ್ನವಿಡೀ ಖಾಕಿ ಕೋಟಿನ ಹೆಂಗಸು ಪೆಡಲಿನ ಮುಂದೆ ಕುಳಿತಿದ್ದಳು. ಕಾರಿನ ಅಡಿಯಿಂದ ದನಿ ಬರುತ್ತಿತ್ತು. "ಒತ್ರಿ… ಹಿಡೀರಿ… ಬಿಡಬ್ಯಾಡ್ರಿ… ಹಾಂ, ಈಗ ಬಿಡ್ರಿ." ಒತ್ತಿದಾಗ ಬಾಟಲಿಯಲ್ಲಿ ಮುಳುಗಿಸಿದ ನಳಿಗೆಯಿಂದ ಗಾಳಿ ಬುಳುಬುಳು ಎಂದು ಹೊರಬರುತ್ತಿತ್ತು, ಮುಳುಗಿದವರ ಉಸಿರಿನ ಹಾಗೆ. ಒಂದೊಂದು ಗಾಲಿಗೂ ಅದೇ. ಕಾಲು ಮರಗಟ್ಟಿತು, ಆದರೂ ಅದು ಸರಿಯಾಗಿ ಒತ್ತಿತು, ಸರಿಯಾಗಿ ಹಿಡಿಯಿತು. ಕಡೆಯ ಗಾಲಿಯಿಂದ ಗುಳ್ಳೆ ಬರುವುದು ನಿಂತಾಗ ಪೆಡಲು ಅಂಗಾಲಿನಡಿಯಲ್ಲಿ ಕಲ್ಲಾಗಿ ನಿಂತಿತು. ಲಗಮಣ್ಣ ಹೊರಗೆ ಬಂದು ಮೈಕೊಡವಿದ.

"ಮುಗೀತ್ರಿ ಬಾಯಾರ. ಬಿಡ್ರಿ ಇನ್ನ."

"ಇನ್ನೊಂಚೂರು ಹಿಡೀತೇನಿ."

"ಹೊಸಾದ ಐತ್ರಿ. ಇಳಿಯೂದಿಲ್ಲ."

"ಗೊತ್ತದ. ಇನ್ನೊಂಚೂರು."

ಅವನು ಸಾಮಾನು ಕಟ್ಟಿಕೊಂಡ, ಕೈ ತೊಳೆದ, ಅವಲಕ್ಕಿ ತಿಂದ, ಚಹಾ ಕುಡಿದ. ಅವಲಕ್ಕಿ ಕಲಸಿ ಚಹಾ ಇಟ್ಟು ಬಂದು ಮತ್ತೆ ಕುಳಿತಿದ್ದಳು ಆಕೆ. ಪೆಡಲು ಕೂದಲೆಳೆಯಷ್ಟೂ ಇಳಿಯಲಿಲ್ಲ. ಆದರೂ ಕಾಲು ಮೇಲೇಳಲಿಲ್ಲ.

ಆ ಕಾರು ಮುಂದೆ ಮೂರು ವರ್ಷ ಆಕೆಯ ಕೈಯಲ್ಲಿ ಓಡಿತು, ಶುಕ್ರವಾರ ಶುಕ್ರವಾರ ಗುಡ್ಡ ಹತ್ತಿ ಇಳಿಯಿತು, ಯಾರಿಗೂ ಏನೂ ಆಗಲಿಲ್ಲ. ಬ್ಯಾಟರಿಗಳು ಸತ್ತ ಮೇಲೆ ಅದನ್ನು ಯರಗಟ್ಟಿಯ ಗುಜರಿಯವನು ಎತ್ತಿನ ಗಾಡಿಗೆ ಕಟ್ಟಿ ಎಳೆದುಕೊಂಡು ಹೋದ. ನೀಲಕಂಠರಾಯರು ಇಂದಿಗೂ ಆಫೀಸಿನಲ್ಲಿ ಈ ಕಥೆ ಹೇಳುತ್ತಾರೆ. ಅವರ ಕಥೆಯಲ್ಲಿ "ನಾವು ಒಂದು ಕಲ್ಲಿಟ್ಟು ಪರೀಕ್ಷಾ ಮಾಡಿದ್ವಿ" ಎಂದು ಬರುತ್ತದೆ. ಅದರಲ್ಲಿ ಕೂಸಿಲ್ಲ. ಕೂಸಿನ ಸುದ್ದಿಯನ್ನು ಆಕೆ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅದೂ ಅಂಜಿಕೆಯ ಲೆಕ್ಕಕ್ಕೆ ಸೇರುತ್ತಿತ್ತು. ಓಣಿಯ ತಿರುವಿನಿಂದ ಆಕೆ ಈಗಲೂ ಹಿಂದಿರುಗುತ್ತಾಳೆ, ಮೊದಲು ಒಂದು ಸಲ, ಈಗ ಎರಡು ಸಲ. ಒಮ್ಮೆ ನಿಜವಾದ ಭಯ ಉಳಿದ ಭಯಗಳಿಗೆಲ್ಲ ಜಾಮೀನು ಕೊಟ್ಟುಬಿಟ್ಟಿದೆ.

ಮನೆಯಲ್ಲಿ ಅಡುಗೆಗೆ ಒಬ್ಬರು, ನೀರಿಗೆ ಒಬ್ಬರು ಇರುವಂತೆ ಅಂಜುವುದಕ್ಕೂ ಒಬ್ಬರು ಇದ್ದೇ ಇರುತ್ತಾರೆ. ಆ ಕೆಲಸಕ್ಕೆ ಹೊತ್ತಿಲ್ಲ, ಬಿಡುವಿಲ್ಲ. ಮಾಡಿ ಮುಗಿಸಿದ ಮೇಲೆ ತೋರಿಸಲು ಒಗೆದ ಬಟ್ಟೆಯ ಸಾಲೂ ಇಲ್ಲ, ತುಂಬಿದ ಕೊಡವೂ ಇಲ್ಲ. ಉರಿಯದೆ ಉಳಿದ ಮನೆ, ಬೀಳದೆ ಉಳಿದ ಮಗು, ಇವನ್ನು ಯಾರು ಎತ್ತಿ ತೋರಿಸುತ್ತಾರೆ? ಅದಕ್ಕೇ ಅಂಥವರಿಗೆ ಪುಕ್ಕಲರೆಂಬ ಹೆಸರು, ಅವರ ಬೆನ್ನಿಗೆ ನಿಶ್ಚಿಂತೆಯಿಂದ ಮಲಗಿದವರಿಗೆ ಧೈರ್ಯವಂತರೆಂಬ ಹೆಸರು. ಕಾಲಡಿಯ ನೆಲ ಗಟ್ಟಿಯಾಗಿದೆ ಎಂದು ಉಳಿದವರು ನಗುತ್ತ ನಡೆದುಹೋಗುತ್ತಾರೆ. ಅವರು ನಡೆಯುವ ಮೊದಲೇ ಯಾರೋ ಒಬ್ಬಳು, ಕುರ್ಚಿಯ ತುದಿಗೆ ಕುಳಿತು, ಸೀರೆಯಂಚಿನ ಮರೆಯಲ್ಲಿ, ಅದನ್ನು ಒತ್ತಿ ನೋಡಿರುತ್ತಾಳೆ.